ಯಜಮಾನರಿಲ್ಲದ ಮೋಡೆಮ್

ಕಳೆದ ವಾರ ನ್ಯೂಯಾರ್ಕಿನ ಬೆಲ್‌ರೋಸಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಕರಿಬೇವು ಕೊಳ್ಳಲು ಅಂಗಡಿಯೊಂದಕ್ಕೆ ಹೋಗಿದ್ದೆ. ಗಲ್ಲಾದ ಕೆಳಗೆ ಯಾವುದೋ ಕಪ್ಪು ಅಡಾಪ್ಟರು ಕಾದು ಕೂತಿತ್ತು. ಬಿಸಿಯಾದ ಪ್ಲಾಸ್ಟಿಕ್ಕು, ಅದರ ಮೇಲೆ ಸಣ್ಣಗೆ ಸುಡುತ್ತಿರುವ ಧೂಳು. ಕರಿಬೇವನ್ನೂ ಇಂಗನ್ನೂ ದಾಟಿ ಆ ವಾಸನೆ ಬಂತು. ಬೇರೆಯವರಿಗೆ ಮಲ್ಲಿಗೆಯ ವಾಸನೆ, ಹೊಸ ಮಳೆಯ ವಾಸನೆ ಹಳೆಯದನ್ನೆಲ್ಲ ನೆನಪಿಗೆ ತರುತ್ತದಂತೆ. ನನ್ನ ಪಾಲಿಗೆ ಬಂದದ್ದು ಅಡಾಪ್ಟರು. ಅದು ನನ್ನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ದು, ಎರಡು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ, ಅಲ್ಲೇ ಹಿಂದಿನ ಬೀದಿಯ ಮೆಹರ್ ಭಾಭಿಯ ಮನೆಯ ಬೇಸ್‌ಮೆಂಟಿನಲ್ಲಿ ಕೂರಿಸಿತು.

ಆ ಚಳಿಗಾಲವನ್ನು ನಾನು ಮೋಡೆಮ್ ಹುಡುಕುವುದರಲ್ಲಿ ಕಳೆದೆ. ಜನ ತಪಸ್ಸಿಗೆ ಕೂರುತ್ತಾರೆ, ತೀರ್ಥಯಾತ್ರೆ ಹೊರಡುತ್ತಾರೆ. ನನಗೆ ಇಳಿವಯಸ್ಸಿನಲ್ಲಿ ಒದಗಿದ ಪುರುಷಾರ್ಥ ಇದು. ಮೋಡೆಮ್ ಎಂದರೆ ಈಗಿನವರು ಇಂಟರ್ನೆಟ್ಟಿನ ಡಬ್ಬಿ ಎಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಅದರ ತಾತನನ್ನು: ಕಂಪ್ಯೂಟರನ್ನು ಮಾಮೂಲಿ ಟೆಲಿಫೋನ್ ತಂತಿಗೆ ಗಂಟು ಹಾಕುವ, ಕಂಪ್ಯೂಟರು ಹೇಳಿದ ನಂಬರಿಗೆ ತಾನೇ ಫೋನ್ ಮಾಡುವ ಪುಟ್ಟ ಪೆಟ್ಟಿಗೆಯನ್ನು. ಅದೂ ಎಂಥದ್ದು ಬೇಕಾಗಿತ್ತೆಂದರೆ, ಎಲ್ಲರ ಮನೆಯ ಕಂಪ್ಯೂಟರಿನಲ್ಲೂ ಝಂಡಾ ಊರಿರುವ ಆ ಒಂದು ಆಪರೇಟಿಂಗ್ ಸಿಸ್ಟಮ್ ಇಲ್ಲದೆಯೂ ಕೆಲಸ ಮಾಡುವಂಥದ್ದು. ಆ ಸಿಸ್ಟಮ್ಮಿನ ಹೆಸರನ್ನು ನಾನಿಲ್ಲಿ ಎತ್ತುವುದಿಲ್ಲ. ನನ್ನ ಅಜ್ಜಿ ತಾತನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಯಜಮಾನರು’ ಎನ್ನುತ್ತಿದ್ದಳು. ಅವಳದು ಗೌರವ, ನನ್ನದು ಹೇಸಿಗೆ. ಪದ ಮಾತ್ರ ಅದೇ ಸಾಕು.

ಮೆಹರ್ ಭಾಭಿ ನನ್ನ ಗೆಳೆಯ ರಹಮತ್‌ನ ಹೆಂಡತಿ. ರಹಮತ್ ಮತ್ತು ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕದ ಮೇಜಿನವರು. ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದು, ಇಲ್ಲಿಯೂ ಫೋನ್ ತಂತಿಗಳನ್ನೇ ನಂಬಿ ಬದುಕಿ, ಅವನು ಬೆಲ್‌ರೋಸಿನಲ್ಲೂ ನಾನು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್ಕಿನಲ್ಲೂ ಮನೆ ಮಾಡಿದೆವು. ಅವನು ತೀರಿಕೊಂಡ ಮೇಲೆ ಭಾಭಿ ಒಂದು ಕೆಲಸವನ್ನು ಮೈಮೇಲೆ ಹಾಕಿಕೊಂಡರು. ಮೈಸೂರು, ಬೆಂಗಳೂರು, ಚನ್ನಪಟ್ಟಣದ ಕಡೆಯ ಮುಸ್ಲಿಂ ಕುಟುಂಬಗಳು ನ್ಯೂಯಾರ್ಕು, ನ್ಯೂಜೆರ್ಸಿಯಲ್ಲೆಲ್ಲ ಚದುರಿಕೊಂಡಿವೆ. ಯಾರಾದರೂ ಹೋದರೆ ಆದಷ್ಟು ಬೇಗ ಮಣ್ಣು ಮಾಡಬೇಕು. ಬೆಳಿಗ್ಗೆ ಜೀವ ಹೋದರೆ ಮಧ್ಯಾಹ್ನ ಮಸೀದಿಯಲ್ಲಿ ಜನಾಜಾ ನಮಾಜು, ಹೊತ್ತು ಮುಳುಗುವುದರೊಳಗೆ ಲಾಂಗ್ ಐಲೆಂಡಿನ ಕಬರಸ್ತಾನ. ನ್ಯೂಜೆರ್ಸಿಯಿಂದ ಎರಡೆರಡು ಸೇತುವೆ ದಾಟಿ ಬರಬೇಕಾದವರಿಗೆ ಸುದ್ದಿ ಒಂದು ಗಂಟೆ ತಡವಾದರೂ ಮುಖ ನೋಡುವ ಭಾಗ್ಯವಿಲ್ಲ. ಹಾಗಾಗಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಫೋನ್ ಮೆಹರ್ ಭಾಭಿಗೆ. ಅವರಿಂದ ಅರವತ್ತು ಚಿಲ್ಲರೆ ಮನೆಗಳಿಗೆ. ನಂಬರುಗಳೆಲ್ಲ ಬಾಯಿಪಾಠ. ಟೆಲಿಫೋನಿನವನ ಹೆಂಡತಿಯಲ್ಲವೇ.

ಆ ವರ್ಷ ಭಾಭಿಯ ಗಂಟಲು ಕೈಕೊಟ್ಟಿತು. ಧ್ವನಿಪೆಟ್ಟಿಗೆಯಲ್ಲಿ ಗಂಟು. ಆಪರೇಷನ್ ಆಗಬೇಕು, ಒಂದಲ್ಲ, ಬಹುಶಃ ಎರಡು. ಚಳಿಗಾಲ ಕಳೆಯುವವರೆಗೆ ಒಂದಕ್ಷರ ಮಾತಾಡಕೂಡದು, ಮಾತಾಡಿದರೆ ಧ್ವನಿ ಮತ್ತೆ ಸರಿಯಾಗುವ ಭರವಸೆ ಇಲ್ಲ ಎಂದರು ಡಾಕ್ಟರು. ಭಾಭಿ ಅದನ್ನು ನನಗೆ ಹೇಳಿದ್ದು ಆಗಲೇ ಗೊಗ್ಗರಾಗಿದ್ದ ಗಂಟಲಿನಲ್ಲಿ.

“ಮುದುಕರು ಹೋಗೋದೇ ಚಳಿಗಾಲದಲ್ಲಿ ನಂಜಣ್ಣ. ಸರಿಯಾದ ಟೈಮ್ ನೋಡಿ ನನ್ನ ಬಾಯಿ ಕಟ್ತಿದಾನೆ ಡಾಕ್ಟರು.”

ಅವರ ಮಗ ಇಮ್ರಾನ್ ನ್ಯೂಜೆರ್ಸಿಯ ಮಾರಿಸ್‌ಟೌನಿನ ದೊಡ್ಡ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ವಾರದ ಐದು ದಿನ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿದ್ದು ಶುಕ್ರವಾರ ರಾತ್ರಿ ತಾಯಿಯ ಹತ್ತಿರ ಬರುತ್ತಿದ್ದ. ಅವನು ಅಂದ, “ಇದಕ್ಕೆಲ್ಲ ಕ್ಲೌಡ್ ಸರ್ವಿಸ್ ಇದೆ ಅಂಕಲ್. ಒಂದು ಕ್ಲಿಕ್. ಎಲ್ಲಾರಿಗೂ ಕಾಲ್ ಹೋಗುತ್ತೆ.”

“ಯಾವ ನಂಬರಿಂದ?” ಎಂದೆ.

“ಯಾವುದೋ ಒಂದು ನಂಬರ್. ಡಸಂಟ್ ಮ್ಯಾಟರ್.”

ಅಲ್ಲೇ ಕೂತಿದ್ದ ಖಾದರ್ ಸಾಹೇಬರು ನಕ್ಕುಬಿಟ್ಟರು. ಅವರು ಚನ್ನಪಟ್ಟಣದವರು, ಆ ಬೀದಿಯ ಕೊನೆಯ ಮನೆ, ಎಂಬತ್ತು ದಾಟಿದ್ದರೂ ಕೋಟಿನ ಗುಂಡಿ ತಪ್ಪದೆ ಹಾಕುತ್ತಿದ್ದವರು. “ಯಾವುದೋ ನಂಬರ್ ಬಂದ್ರೆ ನಾನು ಎತ್ತೋದಿಲ್ಲಪ್ಪ. ನನ್ನ ಸೋಷಿಯಲ್ ಸೆಕ್ಯೂರಿಟಿ ನಂಬರ್ ಮೇಲೆ ಆಸೆ ಇಟ್ಕೊಂಡಿರೋ ಕಳ್ಳರು ದಿನಾ ಮಾಡ್ತಾರೆ. ನಿಮ್ಮಮ್ಮನ ಮನೆ ನಂಬರ್ ಕಾಣಿಸ್ತಾ, ನಮಾಜಿನಲ್ಲಿದ್ರೂ ಮುಗಿಸ್ಕೊಂಡು ಓಡಿ ಬರ್ತೀನಿ.”

ಸಮಸ್ಯೆಯ ಬುಡವೇ ಅದು. ಆ ಅರವತ್ತು ಮನೆಗಳ ಮುದುಕ ಮುದುಕಿಯರು ನಂಬುತ್ತಿದ್ದದ್ದು ಜಗತ್ತಿನಲ್ಲಿ ಒಂದೇ ಫೋನ್ ನಂಬರನ್ನು. ಹಾಗಾದರೆ ಆ ಫೋನಿನಿಂದಲೇ ನಾನು ಮಾತಾಡಿದರಾಯಿತಲ್ಲ ಎಂದುಕೊಂಡು ಒಂದು ದಿನ ಪ್ರಯೋಗ ಮಾಡಿದೆ. ನ್ಯೂಯಾರ್ಕಿನಲ್ಲೇ ಇರುವ ಒಬ್ಬ ಆಂಟಿಗೆ ಫೋನ್ ಮಾಡಿ, ಗಂಡಸಿನ ಗಂಭೀರ ಧ್ವನಿಯಲ್ಲಿ, “ಹಲೋ, ಮೆಹರ್ ಭಾಭಿ ಮನೆಯಿಂದ ಮಾತಾಡ್ತಿದ್ದೀನಿ,” ಎಂದೆ. ಅಷ್ಟೇ. ಆ ಕಡೆಯಿಂದ, ಸಾವಿನ ಸುದ್ದಿಗೆ ಹೇಳುವ “ಇನ್ನಾ ಲಿಲ್ಲಾಹಿ” ಎಂದು ಶುರುವಾಗಿ ದೊಡ್ಡ ಗೋಳಾಯಿತು. ಭಾಭಿ ಫೋನ್ ಕಸಿದುಕೊಂಡು, “ನಾನು ಬದುಕಿದ್ದೀನಿ ಕಣೇ ಸಕೀನಾ,” ಎಂದು ಕೂಗಬೇಕಾಯಿತು. ಗಂಟಲಿಗೆ ಅದು ಒಂದು ವಾರದ ಖರ್ಚು.

ನಂಬರೂ ಅವರದೇ ಇರಬೇಕು, ಧ್ವನಿಯೂ ಅವರದೇ ಇರಬೇಕು. ಆಪರೇಷನ್ನಿನ ಹಿಂದಿನ ದಿನ ಭಾಭಿಯ ಧ್ವನಿಯಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿದೆ: ನಮ್ಮವರಲ್ಲೊಂದು ಮೌತಾಗಿದೆ, ಯಾರು ಎಲ್ಲಿ ಎಂದು ಮಸೀದಿಯ ನಂಬರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಮಸೀದಿಯಲ್ಲಿ ಆ ವಿವರಗಳನ್ನು ರೆಕಾರ್ಡ್ ಮಾಡಿ ಇಡುವ ಬೇರೆಯ ಫೋನ್ ಇತ್ತು. ಬೇಸ್‌ಮೆಂಟಿನಲ್ಲಿ ರಹಮತ್‌ನ ಹಳೆಯ ಕಂಪ್ಯೂಟರು ಇತ್ತು, ಅದರೊಳಗೆ ಯಜಮಾನರು ಇದ್ದರು. ಆನ್‌ಲೈನಿನಲ್ಲಿ ತರಿಸಿದ ಬೆರಳುದ್ದದ ಮೋಡೆಮ್ ಒಂದನ್ನು ಅದಕ್ಕೆ ಚುಚ್ಚಿ, ಇನ್ನೊಂದು ತುದಿಯನ್ನು ಭಾಭಿಯ ಫೋನ್ ತಂತಿಗೆ ಸೇರಿಸಿದೆ. ಪರೀಕ್ಷೆ ಮಾಡಿದಾಗ ನಮ್ಮ ಮನೆಯ ಫೋನಿನಲ್ಲಿ ಭಾಭಿಯ ಧ್ವನಿ ಬಂತು. ನನ್ನ ಹೆಂಡತಿ ಕೇಳಿಸಿಕೊಂಡು, “ಚೆನ್ನಾಗಿದೆ, ಆದ್ರೆ ನಮಸ್ಕಾರ ಅಂದ್ರೂ ವಾಪಸ್ ಏನೂ ಅನ್ನಲ್ವಲ್ರೀ,” ಎಂದಳು.

ಡಿಸೆಂಬರಿನಲ್ಲಿ ಮೊದಲ ಸಾವು. ಹೋದವರು ಖಾದರ್ ಸಾಹೇಬರ ಜೊತೆ ಚನ್ನಪಟ್ಟಣದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಭಾಭಿ ನನಗೆ ಮೆಸೇಜು ಮಾಡಿ, ನಾನು ಹೇಳಿಕೊಟ್ಟಿದ್ದ ಹಾಗೆ ಗುಂಡಿ ಒತ್ತಿ, ಮೇಲೆ ಹೋಗಿ ಕುರಾನ್ ಹಿಡಿದು ಕೂತರು. ದೂರದವರು ಮೊದಲೆಂದು ಕಂಪ್ಯೂಟರು ನ್ಯೂಜೆರ್ಸಿಯ ಮನೆಗಳಿಗೆ ಫೋನ್ ಮಾಡುತ್ತಾ ಹೋಯಿತು. ಅಷ್ಟರಲ್ಲಿ ಯಜಮಾನರಿಗೆ ತಮ್ಮ ಅಲಂಕಾರ ನೆನಪಾಯಿತು. ಹೊಸ ಅಪ್‌ಡೇಟ್ ಬಂದಿದೆ, ದಯವಿಟ್ಟು ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬರೆದು, ಚಕ್ರ ತಿರುಗಿಸುತ್ತಾ ಕೂತರು. ಯಾರಿಗಾದರೂ ಹೇಳಿದರೇ, ಕೇಳಿದರೇ, ಒಂದು ಕೆಮ್ಮಾದರೂ ಕೆಮ್ಮಿದರೇ? ಇಲ್ಲ. ಭಾಭಿ ಸಂಜೆ ಕೆಳಗೆ ಬಂದು ನೋಡಿದಾಗ ಅವರು ಸ್ನಾನ ಮುಗಿಸಿ, ಹೊಸ ನೀಲಿ ಬಣ್ಣ ಬಳಿದುಕೊಂಡು, ‘ಸ್ವಾಗತ’ ಎನ್ನುತ್ತಿದ್ದರು. ಬೆಲ್‌ರೋಸಿನ ಒಂದು ಮನೆಗೂ ಫೋನ್ ಹೋಗಿರಲಿಲ್ಲ. ಖಾದರ್ ಸಾಹೇಬರು ಮಣ್ಣಾಗುವ ಹೊತ್ತಿಗೆ ಮನೆಯ ಮುಂದಿನ ಹಿಮಕ್ಕೆ ಉಪ್ಪು ಎರಚುತ್ತಿದ್ದರಂತೆ.

ಎರಡು ದಿನ ಬಿಟ್ಟು ಅವರು ನನ್ನನ್ನು ನೋಡಲೆಂದೇ ಭಾಭಿಯ ಮನೆಗೆ ಬಂದರು.

“ನಂಜುಂಡಯ್ಯನವರೇ, ನಿಮ್ಮದೇನಿಲ್ಲ ಬಿಡಿ,” ಎಂದರು. “ಮೂರು ಹಿಡಿ ಮಣ್ಣು ಹಾಕ್ತೀವಿ ನಾವು. ಎಪ್ಪತ್ತು ವರ್ಷದ ದೋಸ್ತಿ. ಆ ಮೂರು ಹಿಡಿ ಬಾಕಿ ಉಳೀತು, ಅಷ್ಟೇ.”

ಭಾಭಿ ಮಾತಿಗೆ ಬದಲಾಗಿ ಇಟ್ಟುಕೊಂಡಿದ್ದ ಪುಟ್ಟ ವೈಟ್‌ಬೋರ್ಡಿನ ಮೇಲೆ ಏನೋ ಬರೆಯಹೋಗಿ, ಬರೆಯದೆ, ಬಟ್ಟೆಯಿಂದ ಒರೆಸಿದರು. ಖಾಲಿ ಬೋರ್ಡನ್ನೇ ಒರೆಸಿದರು.

ಅಂದೇ ಯಜಮಾನರನ್ನು ಆ ಕಂಪ್ಯೂಟರಿನಿಂದ ಹೊರಹಾಕಿದೆ. ಅವರ ಜಾಗಕ್ಕೆ ಪುಕ್ಕಟೆ ಸಿಗುವ, ಹೇಳಿದಷ್ಟೇ ಮಾಡುವ, ಮೈಮೇಲೆ ಬಣ್ಣವಿಲ್ಲದ ಇನ್ನೊಂದು ಸಿಸ್ಟಮ್ ಹಾಕಿದೆ. ಭಾಭಿಗೆ ವಿಷಯ ತಿಳಿಸಿದಾಗ ಬೋರ್ಡಿನ ಮೇಲೆ ಬರೆದರು: “ಯಜಮಾನರು ಹೋದ ಮೇಲೇ ನಾನೂ ಕಾರ್ ಡ್ರೈವ್ ಮಾಡಕ್ಕೆ ಕಲಿತಿದ್ದು. ಇದೂ ಕಲಿಯುತ್ತೆ.”

ಕಲಿಯಲಿಲ್ಲ. ಬೆರಳುದ್ದದ ಆ ಮೋಡೆಮ್, ಯಜಮಾನರು ಮನೆ ಬಿಟ್ಟ ಕ್ಷಣದಿಂದ ಕಲ್ಲಾಯಿತು. ಆಗ ಅದರ ಹೊಟ್ಟೆ ಬಗೆದು ನೋಡಿ ತಿಳಿದುಕೊಂಡೆ. ನನ್ನ ಕಾಲದ ಮೋಡೆಮ್ಮಿಗೆ ತನ್ನದೇ ತಲೆ ಇರುತ್ತಿತ್ತು. ಯಾವ ಕಂಪ್ಯೂಟರಾದರೂ ಸರಿ, ಎ.ಟಿ. ಎಂಬ ಎರಡಕ್ಷರ ಕಳಿಸಿದರೆ ಅದು ಓಕೆ ಎಂದು ಉತ್ತರಿಸುತ್ತಿತ್ತು. ಮುಂದಿನದನ್ನು ತಾನೇ ನೋಡಿಕೊಳ್ಳುತ್ತಿತ್ತು. ಈಗ ಮಾಡುವವರು ನಾಲ್ಕು ಕಾಸು ಉಳಿಸಲು ಆ ತಲೆಯನ್ನೇ ಕಿತ್ತಿದ್ದಾರೆ. ಒಳಗಿರುವುದು ಫೋನ್ ತಂತಿ ಸಿಕ್ಕಿಸುವ ತೂತು ಮತ್ತು ಒಂದಿಷ್ಟು ಬೆಸುಗೆ. ಯೋಚನೆಯೆಲ್ಲ ಯಜಮಾನರ ತಲೆಯೊಳಗಿನ ಒಂದು ಸಾಫ್ಟ್‌ವೇರಿನದು. ಮಾವನ ಮನೆಯಲ್ಲಿ ಠಿಕಾಣಿ ಹೂಡಿದ ಮನೆಯಳಿಯನ ಹಾಗೆ: ನೋಡಲು ಆಳು, ನೀರು ಬೇಕಾದರೂ ಮಾವನೇ ತರಬೇಕು. ಇಂಥದ್ದಕ್ಕೂ ಮೋಡೆಮ್ ಎಂಬ ಹೆಸರಿಟ್ಟು ಮಾರುತ್ತಾರಲ್ಲ, ಆ ಧೈರ್ಯಕ್ಕೆ ಕೈ ಮುಗಿಯಬೇಕು.

ಜನವರಿಯೆಲ್ಲ ಹುಡುಕಿದೆ. ಆ ವರ್ಷದ ಹಿಮವೂ ನನ್ನ ಮನಸ್ಥಿತಿಗೆ ತಕ್ಕಂತೆಯೇ ಬಿದ್ದಿತ್ತು. ಬೀಳುವಾಗ ಒಂದು ಗಂಟೆ ಬಿಳಿ, ಆಮೇಲೆ ವಾರಗಟ್ಟಲೆ ಎಂಜಲು ತಟ್ಟೆಯ ಬಣ್ಣ. ರಸ್ತೆಯ ಉಪ್ಪು ಕಾರಿನ ಮೈಗೆಲ್ಲ ಬೂದಿ ಬಳಿದು, ಬೂಟಿನೊಳಗೆ ತಣ್ಣನೆ ರಾಡಿಯಾಗಿ ಇಳಿಯುತ್ತಿತ್ತು. ಆ ರಾಡಿ ತುಳಿದುಕೊಂಡು ನಮ್ಮೂರಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಲ್ಲಿನವನು ಇಂಟರ್ನೆಟ್ ಡಬ್ಬಿ ತಂದು ಕೊಟ್ಟ. ಇದಲ್ಲಪ್ಪ, ಫೋನ್ ತಂತಿಗೆ ಹಾಕುವುದು ಎಂದೆ. ಫೋನಿಗೆ ಯಾಕೆ ತಂತಿ ಎಂದು ಕೇಳಿದ, ಹುಚ್ಚರ ಜೊತೆ ಮಾತಾಡುವಾಗ ಬಳಸುವ ಮೆತ್ತನೆ ಸ್ವರದಲ್ಲಿ. ಪಕ್ಕದ ಎಡಿಸನ್ ಊರಿನ ಹಳೆ ಕಂಪ್ಯೂಟರ್ ಗುಜರಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ತುಂಬ ಮೋಡೆಮ್ ಕಾರ್ಡುಗಳಿದ್ದವು. ಒದ್ದೆ ನಾಯಿಯ ವಾಸನೆಯ ಆ ಗೋಡೌನಿನಲ್ಲಿ ಒಂದೊಂದನ್ನೇ ಕನ್ನಡಕದ ಹತ್ತಿರ ಹಿಡಿದು ನೋಡಿದೆ. ಎಲ್ಲವೂ ಮನೆಯಳಿಯಂದಿರೇ. ಅವುಗಳ ಚಿನ್ನದ ಬಣ್ಣದ ಹಲ್ಲುಗಳಿಗೆ ಯಾರದೋ ಕಾಫಿ ಅಂಟಿಕೊಂಡಿತ್ತು.

ಆನ್‌ಲೈನಿನಲ್ಲಿ ಇನ್ನೂ ಘನವಾದ ನಾಟಕ. ‘ಎಲ್ಲ ಆಪರೇಟಿಂಗ್ ಸಿಸ್ಟಮ್ಮುಗಳಿಗೂ ಹೊಂದುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದ ಪೆಟ್ಟಿಗೆ ತರಿಸಿದೆ. ಒಳಗಿನ ಚೀಟಿಯಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ, ಯಜಮಾನರ ಏಳು ಅವತಾರಗಳ ಹೆಸರಿತ್ತು. ಎಲ್ಲ ಎಂದರೆ ಅವರೇ. ಅವರ ಹೊರತು ಜಗತ್ತಿಲ್ಲ. ಮಾರಿದವನಿಗೆ ಸೌಜನ್ಯದ ದೂರು ಬರೆದೆ. ಕೂಡಲೇ ಉತ್ತರ ಬಂತು, ನಗುವ ಮುಖದ ಚಿತ್ರದ ಸಮೇತ: ನೀವು ಯಜಮಾನರನ್ನು ಇನ್‌ಸ್ಟಾಲ್ ಮಾಡಿ ನೋಡಿದಿರಾ? ಮತ್ತೊಬ್ಬನು ಚಿತ್ರದಲ್ಲಿ ತೋರಿಸಿದ್ದು ಒಳ್ಳೆಯ ಹಳೆಯ ಕಬ್ಬಿಣದ ಪೆಟ್ಟಿಗೆ. ಕಳಿಸಿದ್ದು ಬೆರಳುದ್ದದ ಅದೇ ಪ್ರಾಣಿ, ಬೇರೆ ಬಣ್ಣದ ಅಂಗಿ ತೊಡಿಸಿ. ನಮ್ಮ ಊಟದ ಮೇಜಿನ ಮೇಲೆ ಇಂಥ ಶವಗಳು ಸಾಲಾಗಿ ಮಲಗಿದ್ದವು. ಹೆಂಡತಿ ಒಂದು ದಿನ ಅವುಗಳ ಮೇಲೆ ಹಳೆಯ ಪಂಚೆ ಹೊದಿಸಿ, “ಇವುಕ್ಕೂ ಮಣ್ಣು ಯಾವತ್ತು ಅಂತ ಹೇಳಿಬಿಡಿ,” ಎಂದಳು.

ಈ ನಡುವೆ ಭಾಭಿಗೆ ಎರಡನೆಯ ಆಪರೇಷನ್ನೂ ಆಯಿತು. ಇನ್ನೊಂದು ಸಾವೂ ಆಯಿತು. ಅಂದು ಇಮ್ರಾನ್ ರಜೆ ಹಾಕಿ ಮಾರಿಸ್‌ಟೌನಿನಿಂದ ಓಡಿ ಬಂದು ತಾಯಿಯ ಫೋನಿನಿಂದ ಎಲ್ಲರಿಗೂ ಹೇಳಿದ. ಅವನ ದನಿ ಕೇಳಿದವರೆಲ್ಲ ಮೊದಲು ಮೆಹರ್‌ಳಿಗಾಗಿ ಅತ್ತರು. ಅವಳು ಬದುಕಿದ್ದಾಳೆ ಎಂದು ನಂಬಿಸಿ, ಸತ್ತವರು ಬೇರೆ ಎಂದು ತಿಳಿಸುವುದಕ್ಕೆ ಒಂದೊಂದು ಮನೆಗೆ ಹತ್ತು ನಿಮಿಷ. ಅವನ ಮುಖ ಬಿಳಿಚಿಕೊಂಡಿತ್ತು. ಕ್ಲೌಡಿನ ಮಾತು ಮತ್ತೆ ಎತ್ತಲಿಲ್ಲ. “ಅಂಕಲ್, ಕರೆಕ್ಟಾಗಿ ಹೇಳಿ, ನಿಮಗೆ ಬೇಕಾಗಿರೋದು ನೋಡೋಕೆ ಹೇಗಿರುತ್ತೆ?” ಎಂದು ಕೇಳಿದ. ಕಾಗದದ ಮೇಲೆ ಬರೆದು ತೋರಿಸಿದೆ: ಇಟ್ಟಿಗೆಯ ಗಾತ್ರ, ಮುಂದುಗಡೆ ಕೆಂಪು ದೀಪಗಳ ಸಾಲು, ಬೆನ್ನಿಗೆ ಅಗಲವಾದ ಕೇಬಲ್ಲು, ಬೇರೆಯದೇ ಆದ ದಪ್ಪ ಅಡಾಪ್ಟರು.

ಮುಂದಿನ ಶುಕ್ರವಾರ ಅವನು ಒಂದು ಚೀಲ ಹಿಡಿದು ಬಂದ. ಅವರ ಆಫೀಸಿನ ಸರ್ವರ್ ಕೋಣೆಯಲ್ಲಿ, ನೆಟ್‌ವರ್ಕ್ ಕೆಟ್ಟಾಗ ಹಿಂಬಾಗಿಲಿನಿಂದ ಒಳಗೆ ಹೋಗಲೆಂದು ಯಾವುದೋ ಕಾಲದಲ್ಲಿ ಇಟ್ಟಿದ್ದ ಮೋಡೆಮ್. ಎಸೆಯುವ ರಾಶಿಯಲ್ಲಿತ್ತಂತೆ; ಮ್ಯಾನೇಜರನ್ನು ಕೇಳಿದ್ದಕ್ಕೆ, ಅದು ಏನು ಎಂದು ಅವನೇ ತಿರುಗಿ ಕೇಳಿ ತೆಗೆದುಕೊಂಡು ಹೋಗು ಎಂದನಂತೆ. ಬೇಸ್‌ಮೆಂಟಿಗೆ ಒಯ್ದು ಸಿಕ್ಕಿಸಿದೆ. ಅಡಾಪ್ಟರು ಕಾದು ವಾಸನೆ ಬಂತು. ಎ.ಟಿ. ಎಂದು ಟೈಪ್ ಮಾಡಿದೆ. ಓಕೆ ಎಂದಿತು.

“ಇಷ್ಟೇನಾ?” ಎಂದ ಇಮ್ರಾನ್.

“ಇಷ್ಟೇ ಕಣಪ್ಪ. ಕರೆದ್ರೆ ಓ ಅನ್ನೋದು. ಅದಕ್ಕೇ ಬರ ಬಂದಿದೆ.”

ಸಂತೋಷ ಬಹಳ ಹೊತ್ತು ಇರಲಿಲ್ಲ. ಈ ಪುಣ್ಯಾತ್ಮನಿಗೆ ತಲೆ ಇತ್ತು, ನಾಲಿಗೆ ಇರಲಿಲ್ಲ. ನಂಬರಿಗೆ ಫೋನ್ ಮಾಡುತ್ತದೆ, ಆ ಕಡೆ ಗಂಟೆ ಬಾರಿಸುತ್ತದೆ, ಎತ್ತಿದರೆ ಕೀರಲು ಸದ್ದು ಮಾಡುತ್ತದೆ. ರೆಕಾರ್ಡ್ ಮಾಡಿದ ಮಾತನ್ನು ನುಡಿಸುವ ಏರ್ಪಾಡೇ ಅದರಲ್ಲಿಲ್ಲ. ತಲೆಯೂ ನಾಲಿಗೆಯೂ ಎರಡೂ ಇರುವ ಮೋಡೆಮ್ ಒಂದು ಕಾಲದಲ್ಲಿ ಇತ್ತು. ಅದನ್ನು ಮತ್ತೆ ಹುಡುಕಲು ಹೊರಡುವಷ್ಟು ಪಿತ್ತ ನನ್ನಲ್ಲಿ ಉಳಿದಿರಲಿಲ್ಲ.

ಉಪಾಯ ಹೇಳಿದ್ದು ಖಾದರ್ ಸಾಹೇಬರು. “ಮಾತು ಯಾಕ್ರೀ ಬೇಕು? ಊರಲ್ಲಿ ನಾವೇನ್ ಮಾಡ್ತಿದ್ವಿ? ಬೆಂಗಳೂರು ತಲುಪಿದ್ರೆ ಎರಡು ರಿಂಗು, ಕಟ್. ಮನೇಲಿ ಎಲ್ಲಾರಿಗೂ ಅರ್ಥ ಆಗ್ತಿತ್ತು. ಮೆಹರ್ ನಂಬರಿಂದ ಎರಡು ರಿಂಗ್ ಬಂದು ಕಟ್ಟಾದ್ರೆ ಮೌತಾಗಿದೆ ಅಂತ ಲೆಕ್ಕ. ಮಸೀದಿಗೆ ಫೋನ್ ಮಾಡಿ ಯಾರು ಅಂತ ತಿಳ್ಕೋತೀವಿ.”

ಈ ಮಾತನ್ನು ಅವರು ಆಡಿದ್ದು ಯಾರ ಮುಂದೆ? ಮೈಸೂರಿನ ಎಕ್ಸ್‌ಚೇಂಜಿನಲ್ಲಿ ಹತ್ತು ವರ್ಷ ಕೂತು, ಎರಡು ರಿಂಗು ಕೊಟ್ಟು ಇಡುವ ಜನರಿಂದ ಇಲಾಖೆಯ ತಂತಿಗಳು ದಿನವಿಡೀ ಪುಕ್ಕಟೆ ದುಡಿಯುವುದನ್ನು ಕಣ್ಣಾರೆ ಕಂಡು ಒಳಗೊಳಗೇ ಕುದ್ದವನ ಮುಂದೆ. ಆ ಕಾಲದಲ್ಲಿ ನಮಗೆ ಅದಕ್ಕಿಂತ ನೀಚ ಅಪರಾಧ ಬೇರೆ ಇರಲಿಲ್ಲ. ವೃದ್ಧಾಪ್ಯದಲ್ಲಿ, ಅಮೆರಿಕದಲ್ಲಿ, ನನ್ನ ಕೈಯಾರೆ ಆ ಕೃತ್ಯಕ್ಕಾಗಿ ಒಂದು ಯಂತ್ರವನ್ನು ಸಜ್ಜು ಮಾಡಬೇಕಾಯಿತು. ಮಾಡಿದೆ. ಖಾದರ್ ಸಾಹೇಬರು ಪ್ರತಿಯೊಬ್ಬರಿಗೂ ಫೋನ್ ಮಾಡಿ, ಕೆಲವರ ಮನೆಗೆ ಹೋಗಿ ಚಹಾ ಕುಡಿದು, ನಿಯಮ ವಿವರಿಸಿ ಬಂದರು.

ಒಂದು ಭಾನುವಾರ ಪರೀಕ್ಷೆಗೆಂದು ಹತ್ತು ಮನೆಗಳಿಗೆ ಎರಡೆರಡು ರಿಂಗು ಕೊಡಿಸಿದೆ. ಹಿಂದೆಯೇ ಭಾಭಿಯ ಫೋನು ಬಡಿದುಕೊಳ್ಳತೊಡಗಿತು. ಎತ್ತಿದರೆ, “ಏನ್ ಮೆಹರ್, ಮಾಡಿ ಇಟ್ಬಿಟ್ಯಲ್ಲ? ಊಟ ಆಯ್ತಾ?” ಮಿಸ್ಡ್ ಕಾಲ್ ನೋಡಿ ಅದೇ ನಂಬರಿಗೆ ತಿರುಗಿ ಮಾಡದೆ ಇರುವುದು ನಮ್ಮ ಜನರ ರಕ್ತದಲ್ಲೇ ಇಲ್ಲ. ಅವರೆಲ್ಲ ಈ ಕಡೆಗೆ ಮಾಡಿದರೆ ತಂತಿ ಖಾಲಿ ಇಲ್ಲ. ಮೋಡೆಮ್ ಮುಂದಿನ ಮನೆಗೆ ಮಾಡುವುದು ಹೇಗೆ? ಖಾದರ್ ಸಾಹೇಬರು ಮತ್ತೊಂದು ಸುತ್ತು ಚಹಾ ಕುಡಿದು ಬಂದರು: ಮೆಹರ್‌ಗೆ ತಿರುಗಿ ಮಾಡಕೂಡದು, ಮಸೀದಿಗೇ ಮಾಡಬೇಕು, ಇದು ಕಟ್ಟಪ್ಪಣೆ. ಎಲ್ಲರೂ ಒಪ್ಪಿದರು.

ಫೆಬ್ರವರಿಯಲ್ಲಿ ಖಾದರ್ ಸಾಹೇಬರಿಗೇ ನ್ಯುಮೋನಿಯಾ ಹಿಡಿಯಿತು. ಶನಿವಾರ ಆಸ್ಪತ್ರೆಗೆ ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು, ಅದರೊಳಗಿನಿಂದಲೇ, “ನಿಮ್ಮ ಯಂತ್ರ ಓ ಅಂತಿದೆಯಾ?” ಎಂದು ಕೇಳಿದರು. ಅಂತಿದೆ ಎಂದೆ. ಹೊರಗೆ ಬರುವಷ್ಟರಲ್ಲಿ ಹಿಮ ಜೋರಾಗಿ, ಸೇತುವೆಗಳ ಕಡೆ ಹೋಗಬೇಡಿ ಎಂದು ರೇಡಿಯೋದವರು ಹೇಳುತ್ತಿದ್ದರು. ಆ ರಾತ್ರಿ ಭಾಭಿಯ ಮನೆಯಲ್ಲೇ ಉಳಿದೆ. ಇಮ್ರಾನನೂ ಇದ್ದ.

ಬೆಳಿಗ್ಗೆ ಮಸೀದಿಯಿಂದ ಅವನ ಮೊಬೈಲಿಗೆ ಫೋನ್ ಬಂತು. ಬೆಳಗಿನ ಫಜರ್ ನಮಾಜಿನ ಹೊತ್ತಿಗೆ ಖಾದರ್ ಸಾಹೇಬರು ಹೋದರು. ಮಧ್ಯಾಹ್ನವೇ ಜನಾಜಾ, ಹಿಮದ ದಾರಿ, ಎಲ್ಲರೂ ಬೇಗ ಹೊರಡಬೇಕು.

ಮೂವರೂ ಬೇಸ್‌ಮೆಂಟಿಗೆ ಇಳಿದೆವು. ಭಾಭಿ ಶಾಲು ಹೊದ್ದು ಕೊನೆಯ ಮೆಟ್ಟಿಲ ಮೇಲೆ ಕೂತರು. ನಾನು ಯಂತ್ರಕ್ಕೆ ಅಪ್ಪಣೆ ಕೊಟ್ಟೆ. ಕೆಂಪು ದೀಪಗಳು ಹತ್ತಿದವು. ಮೊದಲು ನ್ಯೂಜೆರ್ಸಿ: ಎರಡು ರಿಂಗು, ಕಟ್, ಒಂದು ಉಸಿರಿನಷ್ಟು ಬಿಡುವು, ಮುಂದಿನ ಮನೆ. ಯಾವ ಅಪ್‌ಡೇಟೂ ಬರಲಿಲ್ಲ, ಯಾವ ನೀಲಿ ಪರದೆಯೂ ಏಳಲಿಲ್ಲ. ತಿರುಗಿ ಫೋನ್ ಮಾಡಿದವರೂ ಒಬ್ಬರಿಲ್ಲ. ಸತ್ತವರ ಕಟ್ಟಪ್ಪಣೆಯನ್ನು ಜನ ಪಾಲಿಸುತ್ತಿದ್ದರು. ನ್ಯೂಜೆರ್ಸಿ ಮುಗಿದು ಬೆಲ್‌ರೋಸ್ ಶುರುವಾಯಿತು. ಆಗ, ಎರಡು ಮನೆಗಳ ನಡುವಿನ ಆ ಒಂದು ಉಸಿರಿನ ಬಿಡುವಿನಲ್ಲಿ, ಮೇಜಿನ ಮೇಲಿದ್ದ ಫೋನ್ ಗಂಟೆ ಬಾರಿಸಿತು. ಇಮ್ರಾನ್ ಎತ್ತಿ ಸ್ಪೀಕರ್ ಹಾಕಿದ.

“ಮೆಹರ್, ನಿಂದು ಎರಡು ರಿಂಗು ಬಂತು. ಯಾರು ಹೋದ್ರು?”

ಜೈನಬ್ ಆಂಟಿ. ಖಾದರ್ ಸಾಹೇಬರ ಹೆಂಡತಿ. ಆಸ್ಪತ್ರೆಯಿಂದ ಅವರನ್ನು ಯಾರೋ ಮನೆಗೆ ತಂದು ಕೂರಿಸಿದ್ದರು. ಸಾಲಿನಲ್ಲಿ ಆ ಮನೆಯ ನಂಬರು ಬಂದಾಗ ಮೋಡೆಮ್ ಆ ಮನೆಗೂ ಎರಡು ರಿಂಗು ಕೊಟ್ಟಿತ್ತು. ಅದನ್ನು ತೆಗೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಂತ್ರಕ್ಕೆ ಹೊಳೆಯುವ ಪ್ರಶ್ನೆಯೇ ಇಲ್ಲ. ಯಜಮಾನರು ಹೇಳಿದ್ದನ್ನು ಕೇಳದೆ ಕೆಡಿಸಿದ್ದರು, ಇದು ಹೇಳಿದ್ದನ್ನೆಲ್ಲ ಕೇಳಿ ಕೆಡಿಸಿತು. ಇಡೀ ಚಳಿಗಾಲದಲ್ಲಿ ನನಗೆ ಆದ ಹೇಸಿಗೆಯೆಲ್ಲ ಸೇರಿ ಆ ಕೆಂಪು ದೀಪಗಳ ಸಾಲಿನ ಮೇಲೆ ಹೋಗಿ ನಿಂತಿತು.

ಇಮ್ರಾನ್ ನನ್ನ ಮುಖ ನೋಡಿದ. “ಮೆಹರ್?” ಎಂದಿತು ಫೋನು.

ಭಾಭಿ ಎದ್ದು ಬಂದರು. ಬೇಡ ಎಂದು ನಾನು ಕೈಯಾಡಿಸಿದೆ. ಅವರು ಫೋನನ್ನು ಕೈಗೆತ್ತಿಕೊಂಡು ಸ್ಪೀಕರ್ ಆರಿಸಲು ಗುಂಡಿ ಹುಡುಕಿ, ಸಿಗದೆ, ಹಾಗೇ ಬಾಯಿಗೆ ಹತ್ತಿರ ಹಿಡಿದರು. ಬಂದ ಧ್ವನಿ ಅವರದಾಗಿರಲಿಲ್ಲ. ಯಾರೋ ಬಾಗಿಲನ್ನು ಸಿಮೆಂಟಿನ ಮೇಲೆ ಎಳೆದಂತಿತ್ತು.

“ನಮ್ಮ ಖಾದರ್ ಭಾಯಿ ಕಣೇ ಜೈನಬ್.”

“ಹೌದಲ್ವಾ,” ಎಂದರು ಜೈನಬ್ ಆಂಟಿ. “ಹೌದಲ್ವಾ ಮೆಹರ್. ಬೆಳಗ್ಗೆ ನಾನೇ ಕೈ ಹಿಡ್ಕೊಂಡಿದ್ದೆ. ಆದ್ರೂ ಫೋನ್ ರಿಂಗ್ ಆಯ್ತು ನೋಡು, ಯಾರೋ ಏನೋ ಅಂದ್ಕೊಂಡೆ.”

ಭಾಭಿ ಮಾತಾಡುತ್ತಲೇ ಹೋದರು. ಏನಂದರು ಎಂದು ಬರೆಯುವುದಿಲ್ಲ. ಅರ್ಧ ಉರ್ದು, ಅರ್ಧ ಕನ್ನಡ, ಅರ್ಧ ಬರೀ ಗಾಳಿ. ಮಾತು ಮುಗಿದರೂ ಆ ಕಡೆಯವರು ಇಡಲಿಲ್ಲ, ಇವರೂ ಇಡಲಿಲ್ಲ. ಮೋಡೆಮ್ ಮುಂದಿನ ಮನೆಗೆ ಮಾಡಲು ಹೋಗಿ, ಡಯಲ್ ಟೋನ್ ಇಲ್ಲ ಎಂದು ಪರದೆಯ ಮೇಲೆ ಬರೆಯಿತು. ಮತ್ತೆ ಪ್ರಯತ್ನಿಸಿ ಮತ್ತೆ ಅದನ್ನೇ ಬರೆಯಿತು.

ಇಮ್ರಾನ್ ನನ್ನ ಕಿವಿಯಲ್ಲಿ, “ಅಂಕಲ್, ಬೆಲ್‌ರೋಸ್‌ನೋರು ಅರ್ಧಕ್ಕರ್ಧ ಬಾಕಿ. ಲೈನ್ ಬೇಕು. ಅಮ್ಮೀಗೆ ಇಡೋಕೆ ಹೇಳ್ಲಾ?” ಎಂದ.

“ಹೇಳ್ತೀಯಾ?” ಎಂದೆ.

ಅವನು ತಾಯಿಯನ್ನು ನೋಡಿದ. ಆಮೇಲೆ ಕೋಟು ತೆಗೆದುಕೊಂಡ. “ಮನೆಗಳು ನನಗೆ ಗೊತ್ತು. ಚಿಕ್ಕೋನಿದ್ದಾಗ ಈದ್‌ಗೆ ಎಲ್ಲಾರ ಮನೆಗೂ ಹೋಗ್ತಿದ್ದೆ. ಬನ್ನಿ.”

ನಾನು ಮೋಡೆಮ್ಮಿನ ಸ್ವಿಚ್ಚು ಆರಿಸಿ ಅವನ ಹಿಂದೆ ಹತ್ತಿದೆ. ಕಾರಿನ ಮೇಲೆ ಮೊಣಕಾಲುದ್ದ ಹಿಮ. ತೆಗೆಯುತ್ತಾ ಕೂರುವ ಹೊತ್ತಲ್ಲ. ನಡೆದೇ ಹೋದೆವು, ಅವನು ಮುಂದೆ ದಾರಿ ಮಾಡುತ್ತಾ, ನಾನು ಅವನ ಹೆಜ್ಜೆಯ ಗುಂಡಿಗಳಲ್ಲಿ ಕಾಲಿಡುತ್ತಾ. ಪ್ರತಿ ಬಾಗಿಲಲ್ಲೂ ಅವನು ಟೋಪಿ ಸರಿಮಾಡಿಕೊಂಡು, ತಗ್ಗಿದ ಸ್ವರದಲ್ಲಿ, ಇಂಗ್ಲಿಷ್ ಒಂದು ಪದವೂ ಬೆರೆಸದೆ ಸುದ್ದಿ ಹೇಳಿದ. ಒಳಗೆ ಬನ್ನಿ, ಚಳಿ, ಎಂದರು ಎಲ್ಲರೂ. ಇನ್ನೂ ಮನೆಗಳಿವೆ ಎಂದು ಮುಂದೆ ನಡೆದ. ಮಧ್ಯಾಹ್ನ ಮಸೀದಿಯ ಬಾಗಿಲಲ್ಲಿ ಬೂಟು ಬಿಡಲು ಜಾಗವಿರಲಿಲ್ಲ.

ಮಾರ್ಚಿನಲ್ಲಿ ಡಾಕ್ಟರು ಭಾಭಿಯ ಗಂಟಲೊಳಗೆ ಕನ್ನಡಿ ಇಟ್ಟು ನೋಡಿ, ಮಾತಾಡಿದಿರಾ ಎಂದು ಕೇಳಿದರಂತೆ. ಭಾಭಿ ಹೌದು ಎಂದರಂತೆ. ಹಳೆಯ ಧ್ವನಿ ತಿರುಗಿ ಬರಲಿಲ್ಲ. ಈಗ ಸುದ್ದಿಯಿದ್ದರೆ ಮತ್ತೆ ಅವರೇ ಫೋನ್ ಮಾಡುತ್ತಾರೆ, ಒಂದೊಂದೇ ಮನೆಗೆ, ಆ ಸಿಮೆಂಟಿನ ಮೇಲೆ ಎಳೆದ ಬಾಗಿಲಿನ ಸದ್ದಿನಲ್ಲಿ. ಕೇಳಿಸುವುದು ಕಷ್ಟ. ಅದಕ್ಕೇ ಅವರ ನಂಬರು ಕಂಡರೆ ಜನ ಫೋನ್ ಎತ್ತುವ ಮೊದಲು ಟೀವಿ ಆರಿಸುತ್ತಾರೆ.